ಮಣ್ಣು ಐದಕ್ಕ

"ಏ, ಅದನ್ನ ಕಿಸೆದಾಗ ಇಟಗೋತೀಯೋ, ಹಳ್ಳಕ್ಕ ಒಗೀಲೋ?"

ಗುಂಡವ್ವ ಕೈಯಲ್ಲಿದ್ದ ಬೀಸಣಿಕೆಯಿಂದಲೇ ಮೊಬೈಲಿನ ಮೇಲೆ ಫಟ್ಟನೆ ಕೊಟ್ಟಳು. ಹೆಣದ ಪಕ್ಕಕ್ಕೆ ಕೂತು, ಮುಖ ಸಪ್ಪಗೆ ಮಾಡಿಕೊಂಡು ಫೋಟೋ ತೆಗೆದುಕೊಳ್ಳುತ್ತಿದ್ದ ಮನುಷ್ಯ ಬೆಚ್ಚಿ ಹಿಂದೆ ಸರಿದ. ದೂರದ ಬೀಗರ ಪೈಕಿ ಯಾರೋ. ಸಿದ್ರಾಮ ಬದುಕಿದ್ದಾಗ ಸಿಂದಗಿಯ ಅವನ ಅಂಗಡಿಗೆ ಹೋಗಿ ಪುಕ್ಕಟೆ ಝೆರಾಕ್ಸ್ ತೆಗೆಸಿಕೊಂಡು ಬರುವುದಷ್ಟೇ ಅವನ ಬಳಗತನವಾಗಿತ್ತು. ಈಗ ಸ್ಟೇಟಸ್ಸಿಗೆ ಹಾಕಲು ಹೆಣವೂ ಪುಕ್ಕಟೆ ಬೇಕಾಗಿತ್ತು.

ಕನ್ನೊಳ್ಳಿಯ ಆ ಮನೆಯ ಪಡಸಾಲೆಯಲ್ಲಿ ಸಿದ್ರಾಮನನ್ನು ಕರಿ ಕಂಬಳಿಯ ಮೇಲೆ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಮೈತುಂಬ ಭಂಡಾರದ ಹಳದಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಹೆಂಡತಿ ಭುವನೇಶ್ವರಿ ಅವನ ದಪ್ಪ ಗಾಜಿನ ಚಶ್ಮಾವನ್ನೂ ಹಾಕಿಸಿದ್ದಳು. ಅದನ್ನು ಕಂಡು ಗುಂಡವ್ವನಿಗೆ ಇನ್ನಷ್ಟು ಸಿಟ್ಟು ಬಂತು. ಈಗ ಏನು ಓದುವುದಿದೆ ಇವನಿಗೆ? ಬದುಕಿದ್ದಾಗ ಓದಿ ಉದ್ಧಾರ ಮಾಡಿದ್ದೇ ಸಾಕಾಗಿತ್ತು.

ತಮ್ಮನಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ನಿನ್ನೆ ಸಂಜೆ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡನಂತೆ. ಪಕ್ಕದ ಮೊಬೈಲ್ ರಿಪೇರಿಯ ದಾವಲಮಲಿಕ ಆಟೋದಲ್ಲಿ ಹಾಕಿಕೊಂಡು ದವಾಖಾನೆ ಮುಟ್ಟಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೊಳಸಂಗಿಗೆ ಕೊಟ್ಟ ಅಕ್ಕ ಗುಂಡವ್ವ ನಸುಕಿನ ಬಸ್ಸಿಗೇ ಬಂದು ಅವನ ಮಗ್ಗುಲಿಗೆ ಕೂತವಳು ಇನ್ನೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅವಳಿಗೆ ಮೊದಲು ಸಿಟ್ಟು ಬರುತ್ತದೆ. ಅಳು ಬಂದರೆ ಆಮೇಲೆ.

"ಭಾಳ ಶ್ಯಾಣ್ಯಾ ಇದ್ದ ಬಿಡವ್ವಾ," ಎಂದಳು ಓಣಿಯ ಕಸ್ತೂರೆವ್ವ, ಸೆರಗಿನಿಂದ ಮೂಗು ಒರೆಸುತ್ತ. "ಇಂಥಾ ತಲಿ ಈ ಸುತ್ತಿನ್ಯಾಗ ಇರ್ಲಿಲ್ಲ."

ಸತ್ತ ಎಮ್ಮೆಗೆ ಹಾಲು ಹೆಚ್ಚು. ಇದೇ ಕಸ್ತೂರೆವ್ವ ಮೊನ್ನೆ ಮೊನ್ನೆಯವರೆಗೆ "ನಿಮ್ಮ ತಮ್ಮಗ ಯಾರರೆ ದೇವರ ಕೇಳಸ್ರಿ" ಎನ್ನುತ್ತಿದ್ದಳು.

"ಶ್ಯಾಣ್ಯಾ?" ಎಂದಳು ಗುಂಡವ್ವ. "ಶ್ಯಾಣ್ಯಾ ಆಗಿದ್ರ ಮದಲ ಈ ಮಾಳಿಗಿ ಸೋರೂದ ನಿಲ್ಲಸ್ತಿದ್ದ. ಊರ ಚಿಂತಿ ಮಾಡಿ ಮುಲ್ಲಾ ಸೊರಗಿದ್ನಂತ. ಹಂಗಾತು ಇವನ ಬಾಳೇವು."

ಬಾಗಿಲಿಗೆ ಒರಗಿ ನಿಂತಿದ್ದ ದಾವಲಮಲಿಕ ಕೆಂಪು ಕಣ್ಣಲ್ಲೇ ನಕ್ಕ. ರಾತ್ರಿಯಿಡೀ ನಿದ್ದೆಯಿಲ್ಲದೆ ಅವನ ಮುಖ ಊದಿತ್ತು. "ಸೊರಗಿದ್ದು ಮುಲ್ಲಾ ಅಲ್ಲಬೇ ಅಕ್ಕಾ. ನಾ ನೋಡು, ಹೆಂಗ ಅದೇನಿ," ಎಂದು ತನ್ನ ಹೊಟ್ಟೆ ಮುಟ್ಟಿ ತೋರಿಸಿದ. ಮರುಗಳಿಗೆಗೆ ಮುಖ ತಿರುಗಿಸಿ ಹೊರಗೆ ಹೋಗಿಬಿಟ್ಟ.

ಗುಂಡವ್ವ ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಿದ್ರಾಮ ಸೊಲ್ಲಾಪುರದಲ್ಲಿ ಕಂಪ್ಯೂಟರ್ ಕಲಿತು ಬಂದು ಸಿಂದಗಿಯ ಬಸ್‌ಸ್ಟ್ಯಾಂಡ್ ಹಿಂದೆ ಅಂಗಡಿ ಹಾಕಿದವನು. ಅರ್ಜಿ ತುಂಬುವುದು, ಝೆರಾಕ್ಸ್, ಪ್ರಿಂಟ್ ಅಂತ ಸುಮ್ಮನೆ ಮಾಡಿಕೊಂಡಿದ್ದರೆ ಅವನ ಜೊತೆಯವರ ಹಾಗೆ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಬಹುದಿತ್ತು. ಇವನೋ, ಗಿರಾಕಿಗಳನ್ನು ಮರದ ಬಾಕಿನ ಮೇಲೆ ಕೂಡಿಸಿ ತಾನು ಇಂಟರ್ನೆಟ್ಟಿನಲ್ಲಿ ಯಾವುದೋ ಪುಟ ಕಟ್ಟುತ್ತ ಟಕಟಕ ಕುಟ್ಟುತ್ತಿದ್ದ. ನೌಕರಿಯ ಅರ್ಜಿಗೆ ಫೋಟೋ ದೊಡ್ಡದಾಯಿತೆಂದು ತಿರುಗಿ ಬರುತ್ತದೆ ಅಂತ ಫೋಟೋ ಕುಗ್ಗಿಸಿಕೊಡುವ ಪುಟವೊಂದನ್ನು ಮಾಡಿದ. ಪುಕ್ಕಟೆ. ಅಂದಿನಿಂದ ಫೋಟೋ ಕುಗ್ಗಿಸಲು ಅವನ ಅಂಗಡಿಗೆ ಬರುತ್ತಿದ್ದವರೂ ಬರುವುದು ನಿಲ್ಲಿಸಿದರು. ಇಂಡಿಯ ಪೇಟೆಯಲ್ಲಿ ಅಂದಂದಿಗೆ ನಿಂಬೆಹಣ್ಣಿನ ದರ ಎಷ್ಟೆಂದು ತೋರಿಸುವ ಪುಟ ಮಾಡಿದ. ದಲಾಲರು ಅಂಗಡಿಗೆ ಬಂದು ಬೈದು ಹೋದರು, ಬೆಳೆದವರು ಒಬ್ಬರೂ ಬಂದು ಚಹಾ ಕುಡಿಸಲಿಲ್ಲ. ಆಮೇಲೆ ಕಳೆದ ಕುರಿಗಳಿಗೊಂದು ಪುಟ. ಕುರಿಯ ಕಿವಿಯ ಗುರುತು ಹಾಕಿದರೆ ಸಿಕ್ಕವರು ಫೋನ್ ಮಾಡಬೇಕಂತೆ.

"ಕುರಿ ಕದ್ದಾಂವ ನಿನಗ ಫೋನ್ ಮಾಡತಾನೇನೋ ಮಬ್ಬಾ?" ಎಂದು ಗುಂಡವ್ವ ಕೇಳಿದ್ದಳು.

"ಕದ್ದದ್ದು ಬ್ಯಾರೆ, ಕಳದದ್ದು ಬ್ಯಾರೆ ಅಕ್ಕಾ," ಎಂದಿದ್ದ ಅವನು, ತಲೆ ಎತ್ತದೆ.

ಎಲ್ಲಕ್ಕಿಂತ ಕೊನೆಯದು, ಎಲ್ಲರೂ ನಕ್ಕದ್ದು, 'ಮಣ್ಣು ಎಷ್ಟಕ್ಕ' ಅನ್ನುವ ಪುಟ. ಈ ಕಡೆ ಸಾವಿನ ಸುದ್ದಿ ಕೇಳಿದ ಕೂಡಲೇ ಜನರ ಬಾಯಿಂದ ಬರುವ ಮೊದಲ ಮಾತೇ ಅದು. ಹೇಗೆ ಸತ್ತರು, ಯಾಕೆ ಸತ್ತರು ಎಲ್ಲ ಆಮೇಲೆ. ಹೂಳುವುದು ಎಷ್ಟು ಹೊತ್ತಿಗೆ, ಮುಖ ನೋಡಲು ಸಿಗುತ್ತದೋ ಇಲ್ಲವೋ, ಯಾವ ಬಸ್ಸು ಹಿಡಿಯಬೇಕು, ಇಷ್ಟೇ ಚಿಂತೆ. ಸಿದ್ರಾಮನ ಪುಟದಲ್ಲಿ ಸತ್ತವರ ಹೆಸರು, ಊರು, ಮಣ್ಣಿನ ಹೊತ್ತು ಕಾಣುತ್ತಿದ್ದವು. ಮೊದಮೊದಲು ಹುಡುಗರು ಅವನನ್ನು 'ಯಮನ ಆಪರೇಟರ್' ಎಂದು ಕರೆದರು. ಹೆಣದ ಅಂಗಡಿ ಎಂದು ಹೇಸಿ ಕೆಲವರು ಅವನ ಹತ್ತಿರ ಝೆರಾಕ್ಸ್ ಮಾಡಿಸುವುದನ್ನೂ ಬಿಟ್ಟರು. ಬರುಬರುತ್ತ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಮಂದಿಯೆಲ್ಲ ಬೆಳಗಿನ ಚಹಾದ ಜೊತೆ ಅದನ್ನೇ ನೋಡತೊಡಗಿದರು. ಯಾರ ಮನೆಯಲ್ಲಿ ಸತ್ತರೂ ಫೋನು ಸಿದ್ರಾಮನಿಗೆ. ನಗುವುದನ್ನು ಮಾತ್ರ ಯಾರೂ ಬಿಡಲಿಲ್ಲ.

ನಗಲು ಕಾರಣವೂ ಇತ್ತು. ಆ ಪುಟಕ್ಕೊಂದು ಕೊರತೆ ಇತ್ತು. ಒಮ್ಮೆ ಹಾಕಿದ ಹೊತ್ತನ್ನು ತಡ ಮಾಡಬಹುದಿತ್ತು, ನಾಲ್ಕು ಎಂದದ್ದನ್ನು ಐದು ಎನ್ನಬಹುದಿತ್ತು. ನಾಲ್ಕು ಎಂದದ್ದನ್ನು ಎರಡು ಮಾಡಹೋದರೆ ಆಗುತ್ತಿರಲಿಲ್ಲ; ತಿರುಗಿ ನಾಲ್ಕೇ ಬಂದು ಕೂಡುತ್ತಿತ್ತು. ಇಷ್ಟು ಸಣ್ಣದನ್ನು ಸರಿಮಾಡಲು ಬಾರದವನು ಎಂಥ ಕಂಪ್ಯೂಟರ್ ಮಾಸ್ತರ ಎಂದು ಮಂದಿ ಅವನ ಎದುರಿಗೇ ಅನ್ನುತ್ತಿದ್ದರು. ಅವನು ಚಶ್ಮಾ ಒರೆಸಿಕೊಳ್ಳುತ್ತಿದ್ದ.

*

ಹೊತ್ತು ಮಾರುದ್ದ ಏರಿದ ಮೇಲೆ ಹಿರಿಯಣ್ಣ ಭೀಮಶ್ಯಾನ ಕಾರು ಬಂತು. ಮೊದಲು ಕಂಡದ್ದು ಬಿಳಿ ಬೂಟು, ಆಮೇಲೆ ಬಿಳಿ ಪ್ಯಾಂಟು, ಕೊನೆಗೆ ಅವನು. ರಸ್ತೆ, ಗಟಾರಗಳ ಗುತ್ತಿಗೆ ಹಿಡಿದು ಮೇಲೆ ಬಂದವನು. ಮಳೆಗಾಲ ಬಂದರೆ ಅವನ ರಸ್ತೆ ಯಾವುದು, ಗಟಾರ ಯಾವುದು ಎಂದು ಗುರುತಿಸುವುದು ಕಷ್ಟ. ತಮ್ಮನ ಪಾದ ಮುಟ್ಟಿ ನಮಸ್ಕರಿಸಿ, ಕರವಸ್ತ್ರದಿಂದ ಒಣಗಿದ ಕಣ್ಣು ಒತ್ತಿಕೊಂಡು, ಅಂಗಳದಲ್ಲಿ ಕೂತಿದ್ದ ಹಿರಿಯರ ಕಡೆ ತಿರುಗಿದ.

"ಮಧ್ಯಾಹ್ನ ಎರಡಕ್ಕ ಅಮಾಸಿ ಕೂಡತೈತ್ರಿ. ಅಮಾಸಿ ಕೂಡಿದ ಮ್ಯಾಲ ಮಣ್ಣ ಮಾಡೂದು ಮನಿಗೆ ಚೊಲೋ ಅಲ್ಲ. ಒಂದಕ್ಕ ಎತ್ತಿಬಿಡೂಣು."

ಹಿರಿಯರು ತಲೆಯಾಡಿಸಿದರು. ಕಾರಿನಲ್ಲಿ ಬಂದವರು ಏನು ಹೇಳಿದರೂ ಅವರ ತಲೆ ಆಡುತ್ತದೆ.

ಗುಂಡವ್ವ ಹೊರಗೆ ಬಂದಳು. "ಒಂದಕ್ಕ ಹೆಂಗ ಎತ್ತತಿ? ಇಂದ್ರಿ ಬರಬೇಕಲ್ಲ. ಸಾಂಗಲಿ ಬಿಟ್ಟ ಬಸ್ಸಿನ್ಯಾಗ ಕುಂತಾಳ. ಐದಕ್ಕ ಅಂತ ರಾತ್ರಿ ಹೇಳಿದಾಂವ ನೀನ."

ಇಂದ್ರಾಬಾಯಿ ಎಲ್ಲರಿಗಿಂತ ಕಿರಿಯ ತಂಗಿ, ಸಿದ್ರಾಮನ ಬೆನ್ನಿಗೆ ಬಿದ್ದವಳು. ಹಲಸಂಗಿಗೆ ಕೊಟ್ಟಿದ್ದರು. ಮಗಳ ಬಾಣಂತನಕ್ಕೆಂದು ಸಾಂಗಲಿಗೆ ಹೋಗಿದ್ದವಳು ಸುದ್ದಿ ಕೇಳಿ ಬೆಳಗಾಗುತ್ತಲೇ ಹೊರಟಿದ್ದಳು.

"ಬಾಣಂತಿ ಮನಿಯಾಗಿಂದ ಸತ್ತ ಮನಿಗೆ ಬಂದು, ತಿರಗಿ ಹಸಿಗೂಸಿನ ಹತ್ರ ಹೋಗತಾಳೇನು?" ಎಂದ ಭೀಮಶ್ಯಾ. "ಆಕಿ ಬರದಿದ್ರನ ಚೊಲೋ. ತಿಳಿವಳಿಕಿ ಬ್ಯಾಡ?"

ಗುಂಡವ್ವನಿಗೆ ಓದಲು ಬಾರದಿದ್ದರೂ ಕಣ್ಣು ಕಾಣುತ್ತಿತ್ತು. ಒಂದು ವಾರದಿಂದ ಬಳಗದ ಎಲ್ಲರ ಮೊಬೈಲಿನಲ್ಲೂ ಭೀಮಶ್ಯಾನ ಕೈಮುಗಿದ ಫೋಟೋದ ಕಾರ್ಡು ತಿರುಗುತ್ತಿತ್ತು. ಇವತ್ತು ಸಂಜೆ ಇಂಡಿಯಲ್ಲಿ ಅವನಿಗೆ ಸನ್ಮಾನ. ಸನ್ಮಾನದ ಖರ್ಚೂ ಅವನದೇ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಕಾರ್ಡು ಮಾಡಿಕೊಟ್ಟವನು ಸಿದ್ರಾಮ; ಅದೂ ಪುಕ್ಕಟೆ. ಸೂತಕದ ಮೈಯಲ್ಲಿ ಶಾಲು ಹೊದೆಸಿಕೊಳ್ಳಲು ಹೊರಟವನು ಇಲ್ಲಿ ನಿಂತು ಅಮಾವಾಸ್ಯೆಯ ಲೆಕ್ಕ ಹೇಳುತ್ತಿದ್ದ.

"ಅಮಾಸಿ ಕೂಡೂದು ಆಕಾಶದಾಗ ಅಲ್ಲಣ್ಣಾ, ಇಂಡ್ಯಾಗ," ಎಂದಳು ಗುಂಡವ್ವ.

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದ ಹಾಗೆ ಮಾಡಿದರು. ಭೀಮಶ್ಯಾನ ಮುಖ ಕೆಂಪಾಯಿತು. ಅವನು ದಾವಲಮಲಿಕನ ಕಡೆ ತಿರುಗಿದ.

"ಏ ದಾವಲ್ಯಾ, ಆ ಹೆಣದ ಪುಟದಾಗ ಐದು ಅಂತ ಹಾಕೀದಿಯಲ್ಲ, ಒಂದು ಮಾಡದನ್ನ."

"ಆಗೂದಿಲ್ರಿ ಅಣ್ಣಾರ."

"ಮಾಡಂದ್ರ ಮಾಡು."

ದಾವಲಮಲಿಕ ಮೊಬೈಲ್ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದು ಒತ್ತಿದ. ಸಿದ್ರಾಮನ ಹೆಸರು, ಕನ್ನೊಳ್ಳಿ, ಮಣ್ಣು ಐದಕ್ಕೆ. ಐದನ್ನು ಅಳಿಸಿ ಒಂದು ಎಂದು ಹಾಕಿದ. ಪುಟ ಒಂದು ಸುತ್ತು ತಿರುಗಿ ಮತ್ತೆ ಬಂತು. ಮಣ್ಣು ಐದಕ್ಕೆ.

"ನೋಡ್ರಿಪಾ!" ಭೀಮಶ್ಯಾ ಅಂಗಳಕ್ಕೆಲ್ಲ ಕೇಳುವಂತೆ ಅಂದ. "ಇಷ್ಟ ವರ್ಷ ಆತು, ಇದೊಂದನ್ನ ರಿಪೇರಿ ಮಾಡಾಕ ಆಗಲಿಲ್ಲ ಇವಗ. ಸತ್ತ ಮ್ಯಾಲೂ ಮಂದಿ ಕೆಲಸಕ್ಕ ಅಡ್ಡ! ಇರಲಿ ಬಿಡ್ರಿ. ಬೇಕಾದ ನಾಕ ಮಂದಿಗೆ ನಾ ಫೋನ್ ಮಾಡತೇನಿ. ಸಿದಿಗಿ ಕಟ್ರಿ."

ರಿಪೇರಿ ಬಾರದವನು ಎಂಬ ಮಾತಿಗೆ ಗುಂಡವ್ವನೂ ಒಳಗೊಳಗೆ ಹೌದೆಂದಳು. ಹುಟ್ಟಿದ ಮೇಲೆ ಮೊದಲ ಸಲ ಅವಳಿಗೂ ಭೀಮಶ್ಯಾನಿಗೂ ಒಂದು ಮಾತಿನಲ್ಲಿ ಒಮ್ಮತವಾಗಿತ್ತು. ಅದರಿಂದ ಅವಳಿಗೆ ಮೈಯೆಲ್ಲ ಉರಿಯಿತು.

*

ತಾಯಿ ರಾಮವ್ವ ಸತ್ತ ದಿನವೂ ಹೀಗೇ ಆಗಿತ್ತು.

ಆಗ ಮೊಬೈಲ್ ಎಲ್ಲರ ಕೈಯಲ್ಲಿ ಇರಲಿಲ್ಲ. ಗೊಳಸಂಗಿಯ ಕಿರಾಣಿ ಅಂಗಡಿಯ ಫೋನಿಗೆ ಭೀಮಶ್ಯಾ ಹೇಳಿ ಕಳಿಸಿದ್ದ: ಅವ್ವ ಹೋದಳು, ಮಣ್ಣು ನಾಲ್ಕಕ್ಕ. ಗುಂಡವ್ವ ಉಟ್ಟ ಸೀರೆಯಲ್ಲೇ ಹೊರಟಳು. ಬಾಗೇವಾಡಿಯವರೆಗೆ ಟೆಂಪೋ, ಅಲ್ಲಿಂದ ಎರಡು ಬಸ್ಸು. ದಾರಿಯುದ್ದಕ್ಕೂ ನಿಂತೇ ಬಂದಳು. ಕೂತರೆ ಬಸ್ಸು ತಡವಾಗುತ್ತದೆ ಎಂಬಂತೆ. ಮೂರು ಹೊಡೆಯುವ ಹೊತ್ತಿಗೆ ಊರ ಅಗಸಿ ಬಾಗಿಲಲ್ಲಿ ಇಳಿದು, ಹೊತ್ತಿಗೆ ಮೊದಲೇ ಮುಟ್ಟಿದೆನೆಂದು ಉಸಿರುಬಿಟ್ಟಳು.

ಮನೆಯ ಮುಂದೆ ಯಾರೂ ಇರಲಿಲ್ಲ. ಹೆಂಗಸೊಬ್ಬಳು ಅಂಗಳಕ್ಕೆ ಸೆಗಣಿ ನೀರು ಹೊಡೆಯುತ್ತಿದ್ದಳು. ಯಾರೋ ದೊಡ್ಡ ಮನುಷ್ಯರು ಆ ದಾರಿಯಲ್ಲಿ ಹೊರಟವರು ಸಾಂತ್ವನ ಹೇಳಲು ಇಳಿದಿದ್ದರಂತೆ. ಅವರ ಕೈಯಿಂದಲೇ ಮಣ್ಣು ಹಾಕಿಸಿದರೆ ಮರ್ಯಾದೆ ಎಂದು ಭೀಮಶ್ಯಾ ಎರಡಕ್ಕೇ ಎತ್ತಿಸಿಬಿಟ್ಟಿದ್ದ.

ಗುಂಡವ್ವ ಹೊಲಕ್ಕೆ ಓಡಿದಳು. ಬದುವಿನ ಹತ್ತಿರ ಕುಣಿ ಮುಚ್ಚಿ ಗುಪ್ಪೆ ಮಾಡಿ, ಹಸಿ ಮಣ್ಣಿನ ಮೇಲೆ ಕಲ್ಲು ಇಟ್ಟಿದ್ದರು. ಅವಳು ಎರಡೂ ಕೈಯಿಂದ ಮಣ್ಣು ಬಗೆಯತೊಡಗಿದಳು. "ಒಂದ ಸಲ ಮಾರಿ ತೋರಸ್ರೋ, ಒಂದ ಸಲ," ಎಂದು ಕೂಗಿದಳು. ಗಂಡಸರು ಹಿಡಿದು ಎಳೆದರು. ಆಗ ಅವಳು ತಲೆ ಎತ್ತಿ ನೋಡಿದಾಗ ಕಂಡದ್ದು ಸಿದ್ರಾಮ. ಬೇವಿನ ಗಿಡದ ಕೆಳಗೆ ಚಶ್ಮಾ ಕೈಯಲ್ಲಿ ಹಿಡಿದು, ನೆಲ ನೋಡುತ್ತ ನಿಂತಿದ್ದ.

ಭೀಮಶ್ಯಾ ಹಾಗೆ ಮಾಡಿದ್ದು ಅವಳಿಗೆ ಆಶ್ಚರ್ಯವಾಗಿರಲಿಲ್ಲ. ನಾಯಿ ಕಚ್ಚಿತೆಂದು ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ ಅವ್ವನ ಮುದ್ದಿನ ಮಗ, ಅವಳು ತನ್ನ ಬಳೆ ಮಾರಿ ಸೊಲ್ಲಾಪುರಕ್ಕೆ ಕಳಿಸಿದ ಮಗ, ಅಲ್ಲೇ ಇದ್ದನಲ್ಲ? 'ಅಕ್ಕ ಬರಲಿ, ತಡೀರಿ' ಎಂದು ಒಂದು ಮಾತು ಅನ್ನಲು ಬಾಯಿ ಇರಲಿಲ್ಲವೆ? ಅಂದು ಅವಳು ಅವನ ಕಾಲಿನ ಹತ್ತಿರ ಉಗುಳಿದಳು. "ಬಾಯಿ ಸತ್ತಾಂವ," ಎಂದಳು. ಅವನು ಚಶ್ಮಾ ಒರೆಸಿ ಹಾಕಿಕೊಂಡ. ಆಮೇಲೆ ಎಷ್ಟೋ ಹಬ್ಬ, ಎಷ್ಟೋ ಮದುವೆ ಬಂದು ಹೋದವು. ತಮ್ಮನನ್ನು ಕಂಡಾಗಲೆಲ್ಲ ಗುಂಡವ್ವನಿಗೆ ಬೇವಿನ ಗಿಡದ ಕೆಳಗೆ ನಿಂತವನೇ ನೆನಪಾಗುತ್ತಿದ್ದ.

*

ಅಂಗಳದಲ್ಲಿ ಸಿದಿಗೆಗೆ ಬಿದಿರು ಕಡಿಯುವ ಸಪ್ಪಳ ಶುರುವಾಯಿತು. ಗುಂಡವ್ವ ಹಿತ್ತಲಿಗೆ ಬಂದಳು. ದಾವಲಮಲಿಕ ನೀರಿನ ಕಲ್ಲುದೋಣಿಯ ಹತ್ತಿರ ಕೂತು ಮುಖ ತೊಳೆಯುತ್ತಿದ್ದ.

"ನೀನರೆ ಅದನ್ನ ಸರಿ ಮಾಡಬಾರದಾಗಿತ್ತೇನೋ?" ಎಂದಳು. "ಮಗ್ಗಲದಾಗ ಅಂಗಡಿ ಹಾಕ್ಕೊಂಡ ಕುಂತಿದ್ದಿ. ಇಬ್ರೂ ಕೂಡಿ ಒಂದ ಅಂಕಿ ತಿದ್ದಾಕ ಆಗಲಿಲ್ಲ. ಥೂ ನಿಮ್ಮ."

"ಅದು ಕೆಟ್ಟಿಲ್ಲಬೇ ಅಕ್ಕಾ."

"ಏನು?"

"ಕೆಟ್ಟಿಲ್ಲ. ಅಂವ ಮಾಡಿದ್ದ ಹಂಗ." ದಾವಲಮಲಿಕ ಮುಖ ಒರೆಸಿಕೊಂಡ. "ಹ್ವಾದ ವರ್ಷ ಮುದ್ದೇಬಿಹಾಳದಾಗ ಒಬ್ಬ ದೊಡ್ಡ ಸಾವುಕಾರ ಸತ್ತಿದ್ದ. ಮಕ್ಕಳು ಸಂಜೀಕ ಅಂತ ಹಾಕ್ಸಿ, ಆಮ್ಯಾಲ ಮಧ್ಯಾಹ್ನ ಮಾಡ್ರಿ ಅಂತ ಗಂಟ ಬಿದ್ರು. ಆಗಲಿಲ್ಲ. ಕಾರ್ ತಗೊಂಡು ಸಿಂದಗಿ ತನಕ ಬಂದು ಬೈದ್ರು. ಅವರ ಅಳಿಯ ಒಬ್ಬ ಎಂಜಿನಿಯರ್. 'ಸರೀರಿ, ಒಂದ ಸಾಲಿನ ಕೆಲಸ, ನಾ ಮಾಡಿಕೊಡತೇನಿ' ಅಂತ ಕುರ್ಚಿ ಎಳದ. ಸಿದ್ದು ಏಳಲಿಲ್ಲ. 'ಗೊತ್ತೈತ್ರಿ, ಆ ಒಂದ ಸಾಲು ಬರದಾಂವ ನಾನ' ಅಂದ. ಕಾಲರ್ ಹಿಡದ್ರಕ್ಕಾ. ಹಿಡದ್ರೂ ಏಳಲಿಲ್ಲ."

ಗುಂಡವ್ವ ದೋಣಿಯ ಅಂಚನ್ನು ಹಿಡಿದುಕೊಂಡಳು.

"ಅವರು ಹ್ವಾದ ಮ್ಯಾಲ ನಾ ಕೇಳಿದ್ನಿ. ಯಾಕಪಾ, ಯಾಕ ಬೇಕು ನಿನಗ ಈ ಬೈಸಿಕೊಳ್ಳೂದು ಅಂದ್ನಿ. 'ನಮ್ಮಕ್ಕ ನಾಕಕ್ಕ ಅಂದ್ರ ಮೂರಕ್ಕ ಬಂದಿದ್ಲು' ಅಂದ. ಅಷ್ಟ. ಮತ್ತ ಕುಟ್ಟಾಕ ಕುಂತ."

ಹಿತ್ತಲ ಗೋಡೆಯ ಆಚೆ ಕೋಳಿಯೊಂದು ಕೆದರುತ್ತಿತ್ತು. ಗುಂಡವ್ವ ಅದನ್ನೇ ನೋಡುತ್ತ ನಿಂತಳು. ಎದೆಯಲ್ಲಿ ಎದ್ದದ್ದು ಅಳುವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಮಾತ್ರ ಬೈಗುಳ.

"ಹೇಡಿ," ಎಂದಳು. "ಅಣ್ಣನ ಮಾರಿ ಮ್ಯಾಲ ಅನ್ನಾಕ ಆಗದ ಮಾತು ಪೆಟಗಿಗೆ ಕಲಿಸಿ ಕುಂತಿದ್ನ? ನನಗ ಹೇಳಾಕ ಏನಾಗಿತ್ತು ಧಾಡಿ? ಇಷ್ಟ ವರ್ಷ ನನ್ನ ಕಡಿಂದ ಬೈಸಿಕೊಂಡ ಸತ್ತನಲ್ಲ, ಮೂಳ!"

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಿನಿಂದಲೇ ಹೊರಬಿದ್ದಳು. ಎಲ್ಲಿಗೆ ಎಂದು ದಾವಲಮಲಿಕ ಕೇಳುವಷ್ಟರಲ್ಲಿ ಹೊಲದ ದಾರಿ ಹಿಡಿದಿದ್ದಳು.

ಹೊಲದ ಬದುವಿನಲ್ಲಿ, ರಾಮವ್ವನ ಸಮಾಧಿಯ ಮಗ್ಗು‌ಲಿಗೇ ಕುಣಿ ತೆಗೆದಿದ್ದರು. ಕೂಡಿಸಿ ಹೂಳುವ ಕುಣಿ; ಆಳವಾಗಿತ್ತು. ಅಮೋಘಸಿದ್ಧ ಎಂಬ ಕುಣಿ ತೋಡುವ ಮುದುಕ ಕೆಲಸ ಮುಗಿಸಿ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಅವನು ನೋಡನೋಡುತ್ತಿದ್ದಂತೆ ಗುಂಡವ್ವ ನಿಚ್ಚಣಿಕೆ ಹಿಡಿದು ಒಳಗೆ ಇಳಿದಳು. ಇಳಿದವಳೇ ನಡುಮಧ್ಯ ಚಕ್ಕಳಮಕ್ಕಳ ಹಾಕಿ ಕೂತಳು.

"ಯವ್ವಾ! ಜೀಂವ ಇದ್ದವರು ಕುಣ್ಯಾಗ ಕೂಡಬಾರದಬೇ!" ಮುದುಕನ ಬಾಯಿಂದ ಅಡಿಕೆ ಬಿತ್ತು.

"ಜೀಂವ ಇದ್ದವರು ಮಾಡಬಾರದ್ದು ಭಾಳ ಅದಾವು. ನಿಚ್ಚಣಿಕಿ ಮ್ಯಾಲ ತಗೋ. ನನಗೂ ಒಂದ ಎಲಿ ಕೊಡು."

*

ಸುದ್ದಿ ಊರಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಬಿದಿರು ಕಡಿಯುವುದು ನಿಂತಿತು, ಭಜನೆ ನಿಂತಿತು. ಕುಣಿಯ ಒಳಗೆ ಕೂತ ಗುಂಡವ್ವನಿಗೆ ಜನ ಕಾಣುತ್ತಿರಲಿಲ್ಲ. ಅಂಚಿಗೆ ಬಂದು ನಿಂತವರ ಕಾಲು ಮಾತ್ರ ಕಾಣುತ್ತಿದ್ದವು. ಬಿಳಿ ಬೂಟು ಬಂದು ನಿಂತದ್ದು ಅವಳಿಗೆ ಕೂಡಲೇ ಗೊತ್ತಾಯಿತು.

"ಏಳ ಗುಂಡಿ, ಮಂದಿ ನಗಾಕತ್ತಾರ."

"ನಗಲಿ. ಅವನ್ನ ನೋಡಿ ಇಷ್ಟ ವರ್ಷ ನಕ್ಕಾರ. ಒಂದ ದಿನ ನನ್ನೂ ನೋಡಿ ನಗಲಿ."

"ತಲಿ ಕೆಟ್ಟೈತೇನು ನಿನಗ?"

"ಅಣ್ಣಾ, ಅವತ್ತ ಮಣ್ಣ ಮುಚ್ಚಿದ ಮ್ಯಾಲ ಬಂದಿದ್ನಿ. ಇವತ್ತ ಮುಚ್ಚೂಕಿಂತ ಮದಲ ಬಂದೇನಿ. ಮುಚ್ಚತಿದ್ರ ಮುಚ್ಚು."

ಬೂಟುಗಳು ಅತ್ತ ಇತ್ತ ಆಡಿದವು. "ಏ, ಇಳದು ಎತ್ತಿ ಹೊರಗ ಹಾಕ್ರೋ ಆಕಿನ್ನ!" ಎಂದು ಕೂಗು ಕೇಳಿತು. ಸುತ್ತಲಿನ ಕಾಲುಗಳಲ್ಲಿ ಒಂದೂ ಮುಂದೆ ಬರಲಿಲ್ಲ. ಹಿರೇ ಹೆಂಗಸಿನ ಮೈಮುಟ್ಟುವವರು ಯಾರು? ಅದಕ್ಕಿಂತ ಹೆಚ್ಚಾಗಿ, ಜೀವಂತವಾಗಿ ಆ ಕುಣಿಗೆ ಇಳಿಯುವವರು ಯಾರು? ಭೀಮಶ್ಯಾ ತಾನಂತೂ ಇಳಿಯುವಂತಿರಲಿಲ್ಲ. ಕೆಂಪು ಮಣ್ಣು, ಬಿಳಿ ಬಟ್ಟೆ.

ಸಿದ್ರಾಮನ ಹೆಂಡತಿ ಭುವನೇಶ್ವರಿಯನ್ನು ಯಾರೋ ಕರೆತಂದರು. ಅವಳು ಹೇಳಿದರೆ ಕೇಳಬಹುದೆಂದು. ಅವಳ ಬರಿಗಾಲು ಅಂಚಿಗೆ ಬಂದು ನಿಂತವು.

"ಅಕ್ಕಾರ," ಎಂದಳು, ಅತ್ತು ಅತ್ತು ಒಡೆದ ದನಿಯಲ್ಲಿ. "ಒಳಗ ಬಿಸಲ ಬರತೈತೇನ್ರಿ?"

"ತಲಿ ಮ್ಯಾಲ ಬರಾಕತ್ತೈತವ್ವಾ."

ಸ್ವಲ್ಪ ಹೊತ್ತಿನ ಮೇಲೆ ಬಿಚ್ಚಿದ ಛತ್ರಿಯೊಂದು ಕೆಳಗೆ ಇಳಿದು ಬಂತು. ಹಿಂದೆಯೇ ದಾವಲಮಲಿಕ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ನೀರಿನ ಬಾಟ್ಲಿ. ಬಿಳಿ ಬೂಟುಗಳು ಅಲ್ಲಿಂದ ಹೋದವು. ಬೇವಿನ ಗಿಡದ ಕಡೆಯಿಂದ ಅವನು ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುವುದು ಕೇಳಿಸುತ್ತಿತ್ತು. ಬರ್ತೇನ್ರಿ, ಸ್ವಲ್ಪ ತಡ, ಶಾಲು ಹಾರ ಹಂಗ ಇಡ್ರಿ.

ಗುಂಡವ್ವ ಛತ್ರಿಯ ಕೆಳಗೆ ಕೂತೇ ಇದ್ದಳು. ಎಡಗಡೆಯ ಗೋಡೆಯಾಚೆ, ಒಂದು ಮಾರು ಮಣ್ಣಿನ ಆಚೆ, ಅವ್ವ ಇದ್ದಳು. ಆ ಗೋಡೆಗೆ ಬೆನ್ನು ಹಚ್ಚಿದಳು, ತಣ್ಣಗಿತ್ತು. ಆಗ ಮಾತ್ರ ಅವಳಿಗೆ ಅಳು ಬಂತು. ಯಾರಿಗೂ ಕಾಣದ ಹಾಗೆ ಛತ್ರಿ ಕೆಳಗೆ ಮಾಡಿಕೊಂಡು ಮನಸಾರೆ ಅತ್ತಳು. ಅತ್ತು ಮುಗಿದ ಮೇಲೆ ಮತ್ತೆ ಬೈಯತೊಡಗಿದಳು. ದಡ್ಡ. ಬಾಯಿ ಸತ್ತಾಂವ. ಒಂದ ಮಾತ ಹೇಳಿದ್ರ ನಾ ಏನ ತಿಂದ ಬಿಡತಿದ್ನೇನೋ?

ಬಿಸಿಲು ಇಳಿಯುತ್ತ ಬಂದಂತೆ ಕುಣಿಯ ಅಂಚಿನಲ್ಲಿ ಹೊಸ ಹೊಸ ಕಾಲುಗಳು ಬರತೊಡಗಿದವು. ಪುಟ ನೋಡಿ ಐದರ ಹೊತ್ತಿಗೆಂದು ಹೊರಟು ಬಂದವರು. ಧೂಳು ಮೆತ್ತಿದ ಕುರುಬರ ದಪ್ಪ ಕೆರಗಳು. ಕಳೆದ ಕುರಿ ಈ ಸತ್ತವನಿಂದ ಸಿಕ್ಕಿತ್ತೆಂದು ಯಾರೋ ಹೇಳುತ್ತಿದ್ದರು. ಇಂಡಿಯ ನಿಂಬೆ ತೋಟದವರ ಚಪ್ಪಲಿಗಳು. ಸಾಲೆ ಮಾಸ್ತರರ ಸವೆದ ಸ್ಯಾಂಡಲ್ಲುಗಳು. "ನಾವು ಮುದ್ದೇಬಿಹಾಳದವರ್ರಿ," ಎಂದು ಒಂದು ಜೋಡಿ ಹೊಳೆಯುವ ಬೂಟು ಮೆಲ್ಲಗೆ ಹೇಳಿತು. "ಒಂದ ಸಲ ಅವರ ಜೋಡಿ ಮಾತಿಗೆ ಮಾತ ಬೆಳದಿತ್ತು." ಬದುಕಿದ್ದಾಗ ಇವರಲ್ಲಿ ಒಬ್ಬರಾದರೂ ಬಂದು ಅವನ ಮಾಳಿಗೆಗೆ ನಾಲ್ಕು ಬುಟ್ಟಿ ಮಣ್ಣು ಹಾಕಿದ್ದರೆ ಸೋರುವುದಾದರೂ ನಿಲ್ಲುತ್ತಿತ್ತು ಎಂದುಕೊಂಡಳು ಗುಂಡವ್ವ. ಈಗ ಹಿಡಿಹಿಡಿ ಹಾಕಲು ಬಂದಿದ್ದರು.

ಜನ ಹೆಚ್ಚಿದಂತೆ ಬಿಳಿ ಬೂಟುಗಳು ಬೇವಿನ ಗಿಡ ಬಿಟ್ಟು ಹತ್ತಿರ ಬಂದವು. ಫೋನು ಕಿಸೆ ಸೇರಿತು. ಇಷ್ಟು ಮಂದಿ ಎದುರಿಗಿದ್ದರೆ ಭೀಮಶ್ಯಾನ ಕೈ ತಾನಾಗಿ ಮುಗಿಯುತ್ತದೆ, ದನಿ ತಾನಾಗಿ ಭಾರವಾಗುತ್ತದೆ. "ನಮ್ಮ ತಮ್ಮ ಮಂದಿ ಸಲುವಾಗಿ ಬಾಳಿದಾಂವ್ರಿ. ಎಲ್ಲಾರೂ ಬರಲಿ ಅಂತನ ನಾವು ಐದಕ್ಕ ಇಟ್ಟೇವಿ," ಎಂದು ಅವನು ಒಬ್ಬೊಬ್ಬರಿಗೂ ಹೇಳುತ್ತಿದ್ದ.

ಗುಂಡವ್ವ ಕುಣಿಯೊಳಗಿಂದಲೇ ಥೂ ಎಂದು ಉಗುಳಿದಳು. ಎಲೆಯ ರಸ ಮಣ್ಣಿನ ಗೋಡೆಗೆ ಬಿತ್ತು.

ಅಷ್ಟರಲ್ಲಿ ಊರ ಕಡೆಯಿಂದ ಕೇಳಿಬಂತು. ಮೊದಲು ಒಂದೇ ದನಿ, ಉದ್ದನೆಯದು. "ಅಣ್ಣಾ... ನನ್ನ ಕಿರೀ ಅಣ್ಣಾ..." ಇಂದ್ರಾಬಾಯಿಯ ದನಿ. ಪಡಸಾಲೆಯಲ್ಲಿ ಅಣ್ಣನ ಮುಂದೆ ಬಿದ್ದು ಅವಳು ಅಳುತ್ತಿರಬೇಕು. ಅಳಲಿ. ಕಣ್ಣು ತುಂಬ ನೋಡಿ, ಚಶ್ಮಾ ತೆಗೆದು ಕಣ್ಣು ಮುಟ್ಟಿ, ಗದ್ದ ಹಿಡಿದು ಅಳಲಿ. ಗುಂಡವ್ವ ಕಿವಿಗೊಟ್ಟು ಕೇಳಿದಳು. ಆ ಅಳುವಿನ ಒಂದೊಂದು ಎಳೆಯನ್ನೂ ತನ್ನದೇ ಎಂಬಂತೆ ಕೇಳಿದಳು.

ಬಹಳ ಹೊತ್ತಿನ ಮೇಲೆ ಡೊಳ್ಳು ಶುರುವಾಯಿತು. ಸಿದಿಗೆ ಹೊರಟಿತ್ತು.

"ಎಷ್ಟಾತೋ ದಾವಲ್ಯಾ?"

"ಐದಾಗಾಕ ಬಂತಬೇ ಅಕ್ಕಾ."

"ಕೈ ಕೊಡು."

ನಿಚ್ಚಣಿಕೆ ಇಳಿಸಿದರು. ಕಾಲು ಜೋಮು ಹಿಡಿದಿದ್ದವು. ದಾವಲಮಲಿಕನೂ ಅಮೋಘಸಿದ್ಧನೂ ಎರಡೂ ರಟ್ಟೆ ಹಿಡಿದು ಎಳೆದುಕೊಂಡರು. ಹಿಂದೆಲ್ಲ ಕೆಂಪು ಮಣ್ಣು ಮೆತ್ತಿದ ಸೀರೆಯಲ್ಲಿ ಅವಳು ಅಂಚಿನಲ್ಲಿ ನಿಂತಳು. ಭಂಡಾರ ಹಾರಿಸುತ್ತ ಜನ ಬಂದರು. ಇಂದ್ರಾಬಾಯಿ ಓಡಿ ಬಂದು ಅಕ್ಕನ ಕೊರಳಿಗೆ ಬಿದ್ದಳು. ಗುಂಡವ್ವ ಅವಳ ಬೆನ್ನ ಮೇಲೆ ಒಂದು ಕೈ ಇಟ್ಟಳು, ಕಣ್ಣು ಮಾತ್ರ ಸಿದ್ರಾಮನನ್ನು ಇಳಿಸುತ್ತಿದ್ದವರ ಮೇಲೇ ಇತ್ತು.

"ಏ, ಹಗೂರ. ಸರಿಯಾಗಿ ಹಿಡೀರಿ," ಎಂದು ಗದರಿದಳು. "ಅವಗ ಬಾಯಿ ಇಲ್ಲ. ತಾಕಿದ್ರ ಅನ್ನಾಂವಲ್ಲ."

ಕೆಳಗೆ ಇಳಿದಿದ್ದ ಇಬ್ಬರು ಅವನನ್ನು ತೋಳಿನಲ್ಲಿ ತೆಗೆದುಕೊಂಡರು. ಎಲ್ಲಿ ಕೂಡಿಸಬೇಕೆಂದು ಅವರು ನೋಡಬೇಕಾಗಲಿಲ್ಲ. ಕುಣಿಯ ನಡುವೆ ಗುಂಡವ್ವ ಹಗಲೆಲ್ಲ ಕೂತಿದ್ದ ಜಾಗದಲ್ಲಿ ಮಣ್ಣು ಮೆತ್ತಗೆ ತಗ್ಗಾಗಿ, ಒಬ್ಬರು ಕೂಡುವಷ್ಟು ಸಮವಾಗಿತ್ತು. ಅದರೊಳಗೇ ಅವನನ್ನು ಕೂಡಿಸಿದರು.